ಬಾವಿ ಬತ್ತಿದ ಊರಿನಲ್ಲಿ ಮುಳುಗುವ ಮಕ್ಕಳು

ಏಪ್ರಿಲ್ 10ಕ್ಕೆ ಶಾಲೆಗಳ ಫಲಿತಾಂಶ ಹೇಳಿ ಮರುದಿನದಿಂದ ಬೇಸಿಗೆ ರಜೆ ಕೊಡುವುದು ನಮ್ಮ ರಾಜ್ಯದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಬೇಸಿಗೆ ಬೆಳೆಗೆಂದು ಭದ್ರಾ ಜಲಾಶಯದಿಂದ ನೀರು ಬಿಟ್ಟ ವರ್ಷಗಳಲ್ಲಿ ದಾವಣಗೆರೆ ಸೀಮೆಯ ನಾಲೆಗಳೂ ಅದೇ ದಿನಗಳಲ್ಲಿ ದಡ ಮುಟ್ಟಿ ಹರಿಯುತ್ತಿರುತ್ತವೆ. ಹೊರಗೆ ಸುಡುವ ಬಿಸಿಲು, ಮನೆಯಲ್ಲಿ ಬೈಯುವವರು ಹೊಲಕ್ಕೋ ಕೂಲಿಗೋ ಹೋಗಿರುವ ಹೊತ್ತು, ಜೊತೆಗೆ ನಾಲ್ವರು ಗೆಳೆಯರು. ಇಷ್ಟಿದ್ದರೆ ಹನ್ನೆರಡು ಹದಿಮೂರರ ಹುಡುಗ ಆ ಮಧ್ಯಾಹ್ನ ಎಲ್ಲಿರುತ್ತಾನೆಂದು ಹೇಳುವುದಕ್ಕೆ ಜ್ಯೋತಿಷಿ ಬೇಕಿಲ್ಲ. ಅವನು ನೀರುಪಾಲಾದ ಮೇಲೆ ನಾವು ಆಡುವ ಮಾತು ಮಾತ್ರ ಜ್ಯೋತಿಷಿಯದೇ. 'ಗ್ರಾಚಾರ', 'ಆಯಸ್ಸೇ ಅಷ್ಟಿತ್ತು', 'ನೀರು ಕರೀತು' ಎನ್ನುತ್ತೇವೆ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಕುಳಿತವರಿಗೆ ಬೇರೆ ಮಾತು ಸಿಗುವುದಿಲ್ಲ, ನಿಜ. ಅದೇ ಮಾತನ್ನು ಗ್ರಾಮ ಪಂಚಾಯಿತಿ, ನೀರಾವರಿ ಇಲಾಖೆ, ಶಾಲೆ ಮತ್ತು ಪತ್ರಿಕೆಗಳೂ ಒಪ್ಪಿಕೊಂಡು ಕುಳಿತರೆ ಮುಂದಿನ ಏಪ್ರಿಲ್‌ಗೆ ಏನೂ ಬದಲಾಗುವುದಿಲ್ಲ.

ಗಾಯವನ್ನು ರೋಗದಂತೆ ಅಧ್ಯಯನ ಮಾಡಬಹುದೆಂದು ತೋರಿಸಿದವರಲ್ಲಿ ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್ ಪ್ರಮುಖರು. 1966ರಲ್ಲಿ ಆ ದೇಶ ಸ್ಥಾಪಿಸಿದ ರಸ್ತೆ ಸುರಕ್ಷತಾ ಸಂಸ್ಥೆಗೆ ಅವರೇ ಮೊದಲ ಮುಖ್ಯಸ್ಥರು. ದೇಹ ತಡೆದುಕೊಳ್ಳಲಾರದಷ್ಟು ಶಕ್ತಿ ಅದರ ಮೇಲೆ ಎರಗಿದಾಗ ಗಾಯವಾಗುತ್ತದೆ ಎಂಬುದು ಅವರ ಮೂಲ ವಾದ. ಆ ಶಕ್ತಿ ಓಡುವ ವಾಹನದ್ದಿರಬಹುದು, ಕುದಿಯುವ ನೀರಿನದ್ದಿರಬಹುದು, ವಿದ್ಯುತ್ತಿನದ್ದೋ ರಾಸಾಯನಿಕದ್ದೋ ಇರಬಹುದು; ಮುಳುಗುವಾಗ ಮಾತ್ರ ದೇಹಕ್ಕೆ ಬೇಕಾದ ಆಮ್ಲಜನಕವೇ ಸಿಗದೆ ಹೋಗುತ್ತದೆ. ಹಾಗೆ ನೋಡಿದರೆ ತಡೆಯಲು ಮೂರು ಹೊತ್ತುಗಳಿವೆ: ಘಟನೆಗೆ ಮೊದಲು, ಘಟನೆ ನಡೆಯುವ ಕ್ಷಣದಲ್ಲಿ, ನಡೆದ ಮೇಲೆ. ನಾಲೆಗೆ ಬೇಲಿ ಮೊದಲನೆಯದು, ಹಿಡಿದುಕೊಳ್ಳಲು ಒಂದು ಹಗ್ಗ ಎರಡನೆಯದು, ದಡದಲ್ಲಿದ್ದವರಿಗೆ ಉಸಿರು ಕೊಡುವ ವಿದ್ಯೆ ಗೊತ್ತಿರುವುದು ಮೂರನೆಯದು. ನಮ್ಮಲ್ಲಿ ಈ ಮೂರೂ ಹೊತ್ತಿಗೆ ಇರುವ ಒಂದೇ ಮದ್ದು 'ಹುಷಾರು ಮಗಾ' ಎಂಬ ಎಚ್ಚರಿಕೆ. ಮಲೇರಿಯಾ ಬಂದಾಗ ಸೊಳ್ಳೆಯಿಂದ ಹುಷಾರಾಗಿರಿ ಎಂದು ಹೇಳಿ ಆರೋಗ್ಯ ಇಲಾಖೆ ಸುಮ್ಮನಾಗುವುದಿಲ್ಲ. ನಿಂತ ನೀರನ್ನು ಹುಡುಕಿಕೊಂಡು ಮನೆಮನೆಗೆ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2008ರಲ್ಲಿ ಹೊರತಂದ ಜಾಗತಿಕ ವರದಿಯ ಪ್ರಕಾರ, ಉದ್ದೇಶಪೂರ್ವಕವಲ್ಲದ ಗಾಯಗಳಿಂದ ವರ್ಷಕ್ಕೆ ಸುಮಾರು 8.3 ಲಕ್ಷ ಮಕ್ಕಳು ಸಾಯುತ್ತಿದ್ದರು. ರಸ್ತೆ, ನೀರು, ಬೆಂಕಿ, ಬೀಳುವಿಕೆ, ವಿಷ ಇವೇ ಐದು ಮುಖ್ಯ ಕಾರಣಗಳು. ಗಾಯದಿಂದಾಗುವ ಮಕ್ಕಳ ಸಾವುಗಳಲ್ಲಿ ಶೇ 95ರಷ್ಟು ಬಡ ಮತ್ತು ಮಧ್ಯಮ ಆದಾಯದ ದೇಶಗಳವು. ಶ್ರೀಮಂತ ದೇಶದ ಮಕ್ಕಳೇನೂ ನಮ್ಮ ಮಕ್ಕಳಿಗಿಂತ ಹೆಚ್ಚು ವಿಧೇಯರಲ್ಲ. ಅಲ್ಲಿನ ಕಿಟಕಿ, ಬಾಟಲಿಯ ಮುಚ್ಚಳ, ಬೀದಿ ಮತ್ತು ಈಜುಕೊಳದ ಸುತ್ತಲಿನ ಬೇಲಿಗಳನ್ನು ಮಕ್ಕಳು ತುಂಟರೆಂದು ಗೊತ್ತಿದ್ದೇ ಮಾಡಲಾಗಿದೆ.

ದಾವಣಗೆರೆ, ಚಿತ್ರದುರ್ಗ ಎಂಬ ನಮ್ಮ ಎರಡು ಜಿಲ್ಲೆಗಳ ವಿಷಯದಲ್ಲಿ ನೀರಿನ ಮಾತನ್ನೇ ಮೊದಲು ಆಡಬೇಕು. ಬಯಲುಸೀಮೆಯಲ್ಲಿ, ಅದರಲ್ಲೂ ಜಗಳೂರು, ಚಳ್ಳಕೆರೆ, ಮೊಳಕಾಲ್ಮುರಿನಂಥ ಬರದ ತಾಲ್ಲೂಕುಗಳಲ್ಲಿ ಮಕ್ಕಳು ಮುಳುಗುತ್ತಾರೆಂದರೆ ಹೊರಗಿನವರಿಗೆ ಆಶ್ಚರ್ಯವಾಗುತ್ತದೆ. ಆದರೆ ಮುಳುಗುವುದಕ್ಕೂ ಬರಕ್ಕೂ ಇಲ್ಲಿ ಹತ್ತಿರದ ನಂಟಿದೆ. ಈಗ ಅರವತ್ತರ ಆಸುಪಾಸಿನಲ್ಲಿರುವವರನ್ನು ಕೇಳಿ ನೋಡಿ, ಅವರಲ್ಲಿ ಬಹುಪಾಲು ಗಂಡಸರು ಈಜು ಕಲಿತದ್ದು ತೋಟದ ತೆರೆದ ಬಾವಿಯಲ್ಲಿ. ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಒಣಗಿದ ಸೋರೆ ಬುರುಡೆಯನ್ನೋ ಕತ್ತಾಳೆ ಬೆಂಡನ್ನೋ ಬಿಗಿದು, ದೊಡ್ಡಪ್ಪನೋ ಮಾವನೋ ಮೇಲಿನಿಂದ ತಳ್ಳುತ್ತಿದ್ದರು. ಹಗ್ಗದ ತುದಿ ಅವರ ಕೈಯಲ್ಲೇ ಇರುತ್ತಿತ್ತು. ಕ್ರೂರವೆನಿಸಿದರೂ ಅದು ಮೇಲ್ವಿಚಾರಣೆ ಇದ್ದ ತರಬೇತಿ. ಕೊಳವೆಬಾವಿ ಬಂದು ಅಂತರ್ಜಲ ಐನೂರು, ಸಾವಿರ ಅಡಿಗೆ ಇಳಿದಾಗ ಆ ಬಾವಿಗಳು ಬತ್ತಿದವು. ಕೆಲವಕ್ಕೆ ಮಣ್ಣು ಬಿತ್ತು, ಕೆಲವು ಕಸದ ಗುಂಡಿಯಾದವು. ಬಾವಿಯ ಜೊತೆಗೆ ಈಜು ಕಲಿಸುವ ಪದ್ಧತಿಯೂ ಒಂದೇ ತಲೆಮಾರಿನಲ್ಲಿ ಹೋಯಿತು. ಹೆಣ್ಣುಮಕ್ಕಳಿಗಂತೂ ಅದು ಮೊದಲೂ ಅಷ್ಟಾಗಿ ಸಿಕ್ಕಿರಲಿಲ್ಲ.

ಈಜು ಹೋದ ಮೇಲೆ ನೀರು ಬಂತು. ತುಂಗಭದ್ರೆಯಿಂದ ಜಗಳೂರು ತಾಲ್ಲೂಕಿನ ಕೆರೆಗಳಿಗೆ ನೀರು ತರುವ 57 ಕೆರೆಗಳ ಯೋಜನೆ, ಭರಮಸಾಗರದ ಕೆರೆ ತುಂಬಿಸಿದ ಯೋಜನೆ, ಊರೂರಿಗೆ ಬಂದ ಕೃಷಿ ಹೊಂಡಗಳು. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ಬಿತ್ತು. ಕೆರೆ ತುಂಬಿದ್ದಕ್ಕೆ ಬಾಗಿನ ಕೊಟ್ಟು ಸಂಭ್ರಮಿಸಿದ್ದು ಸರಿಯೇ. ಎಂಟು ಹತ್ತು ವರ್ಷ ಒಣಗಿದ ಅಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದ ಮಕ್ಕಳಿಗೆ ಅದೇ ಅಂಗಳ ಇದ್ದಕ್ಕಿದ್ದಂತೆ ಎರಡಾಳು ಆಳವಾದಾಗ ಯಾರೂ ಏನನ್ನೂ ಹೇಳಿಕೊಡಲಿಲ್ಲ. ಹೂಳೆತ್ತಿ ಮಣ್ಣು ಸಾಗಿಸಿದ ಜಾಗದಲ್ಲಿ ಕೆರೆಯ ತಳ ಸಮನಾಗಿರುವುದಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಜೆಸಿಬಿ ತೋಡಿದ ಗುಂಡಿಗೆ ಇಳಿಯುತ್ತಾನೆ. ಹರಿಹರ, ಹೊನ್ನಾಳಿ ಕಡೆ ತುಂಗಭದ್ರೆಯಲ್ಲಿ ಮರಳು ತೆಗೆದ ಗುಂಡಿಗಳದ್ದೂ, ಚಿತ್ರದುರ್ಗ ಸುತ್ತ ಕೈಬಿಟ್ಟ ಕಲ್ಲು ಕ್ವಾರಿಗಳದ್ದೂ ಇದೇ ಕತೆ. ನಾಲೆಯ ಅಪಾಯ ಇನ್ನೊಂದು ಬಗೆಯದು: ನೋಡಲು ಶಾಂತ, ಆದರೆ ಇಳಿಜಾರಾದ ಕಾಂಕ್ರೀಟ್ ಪಕ್ಕೆಗೆ ಪಾಚಿ ಹಿಡಿದಿರುತ್ತದೆ, ಸೆಳೆತ ಕಾಲನ್ನು ಎತ್ತಿಬಿಡುತ್ತದೆ, ಹಿಡಿದುಕೊಳ್ಳಲು ಒಂದು ಗಿಡವೂ ಇರುವುದಿಲ್ಲ.

ಕೃಷಿ ಹೊಂಡವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆ ಒಣಭೂಮಿ ರೈತರಿಗೆ ನಿಜಕ್ಕೂ ಉಪಕಾರ ಮಾಡಿದೆ. ಅದನ್ನು ದೂರುವುದು ನನ್ನ ಉದ್ದೇಶವಲ್ಲ. ಹೊಂಡದ ಆಳ ಸಾಮಾನ್ಯವಾಗಿ ಮೂರು ಮೀಟರ್, ಅಂದರೆ ಹತ್ತು ಅಡಿ. ನೀರು ಇಂಗದಿರಲೆಂದು ತಳಕ್ಕೂ ಪಕ್ಕಗಳಿಗೂ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಹೊಳಲ್ಕೆರೆ ಕಡೆ ಇರುವ ನಮ್ಮ ಭಾವನವರ ಹೊಲಕ್ಕೆ ಎರಡು ವರ್ಷದ ಹಿಂದೆ ಹೋದಾಗ ಅವರ ಹೊಂಡದ ಕಪ್ಪು ಹಾಳೆಯ ಮೇಲೆ ನೀರಿನ ಮಟ್ಟದಿಂದ ಒಂದು ಗೇಣು ಮೇಲಕ್ಕೆ ಉದ್ದುದ್ದ ಗೀರುಗಳಿದ್ದವು. ಒಂದೇ ಕಡೆ ಅಲ್ಲ, ನಾಲ್ಕೂ ಪಕ್ಕದಲ್ಲಿ. ಏನೆಂದು ಕೇಳಿದೆ. 'ನಾಯಿ ಬಿದ್ದಿತ್ತು ಕಣಪ್ಪ. ಸುತ್ತ ಈಜಿ ಈಜಿ ಎಲ್ಲಾ ಕಡೆ ಹತ್ತಾಕೆ ನೋಡೈತೆ, ಆಗಿಲ್ಲ' ಎಂದರು. ನಾಲ್ಕು ಕಾಲು, ಉಗುರು ಮತ್ತು ಹುಟ್ಟಿನಿಂದಲೇ ಈಜು ಬರುವ ಪ್ರಾಣಿಗೆ ಹತ್ತಲಾಗದ ಪಕ್ಕ ಅದು. ಈಜು ಚೆನ್ನಾಗಿ ಬರುವ ಹುಡುಗನೂ ಅಂಥ ಹೊಂಡದಲ್ಲಿ ಸೋಲುತ್ತಾನೆ, ಏಕೆಂದರೆ ಅಲ್ಲಿನ ಕಷ್ಟವಿರುವುದು ತೇಲುವುದರಲ್ಲಿ ಅಲ್ಲ, ಹೊರಗೆ ಬರುವುದರಲ್ಲಿ.

ಇದಕ್ಕೆ ಬೇಕಾದ ಸಾಮಗ್ರಿ ಪ್ರತಿ ಹಳ್ಳಿಯಲ್ಲೂ ಇದೆ. ಮೊಳಕ್ಕೊಂದು ಗಂಟು ಹಾಕಿದ ದಪ್ಪ ನೈಲಾನ್ ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ನಾಲ್ಕೂ ಪಕ್ಕದಲ್ಲಿ ನೀರಿನ ತಳದವರೆಗೆ ಇಳಿಬಿಡಬಹುದು. ಹಳೆಯ ಟೈರುಗಳನ್ನು ಒಂದಕ್ಕೊಂದು ಬಿಗಿದು ಮೆಟ್ಟಿಲಿನಂತೆ ಜೋಡಿಸಬಹುದು. ಮುಚ್ಚಳ ಭದ್ರವಾಗಿರುವ ಇಪ್ಪತ್ತು ಲೀಟರಿನ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ದಡದಲ್ಲಿ ಇಡಬಹುದು. ಯೋಜನೆಯನ್ನು 2023–24ರಲ್ಲಿ ಮತ್ತೆ ಜಾರಿಗೆ ತಂದಾಗ ಹೊಂಡದ ಸುತ್ತ ತಂತಿ ಬೇಲಿಯನ್ನೂ ಅದರ ಭಾಗವಾಗಿ ಸೇರಿಸಿದ್ದು ಒಳ್ಳೆಯ ಹೆಜ್ಜೆ. ಹಿಂದಿನ ವರ್ಷಗಳಲ್ಲಿ ಬೇಲಿಯಿಲ್ಲದೆ ತೋಡಿದ ಹೊಂಡಗಳು ಮಾತ್ರ ಹಾಗೆಯೇ ಉಳಿದಿವೆ. ಹಗ್ಗ ಇಳಿಬಿಡದ ಹೊಂಡಕ್ಕೆ ಸಹಾಯಧನದ ಕೊನೆಯ ಕಂತು ಇಲ್ಲವೆಂಬ ಒಂದು ಸಾಲಿನ ನಿಯಮ ಸಾವಿರ ಜಾಗೃತಿ ಜಾಥಾಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆಂದು ನನಗನಿಸುತ್ತದೆ.

ಒಣಭೂಮಿಯ ಇನ್ನೊಂದು ಬಲೆ ಫೇಲ್ ಆದ ಬೋರ್. ನೀರು ಬೀಳದಿದ್ದಾಗ ರೈತ ಸಾಲದಲ್ಲಿರುತ್ತಾನೆ. ಮುಂದಿನ ಪಾಯಿಂಟಿಗಾದರೂ ಆಗಲೆಂದು ಕೇಸಿಂಗ್ ಪೈಪನ್ನು ಎತ್ತಿಕೊಳ್ಳುತ್ತಾನೆ. ಪೈಪ್ ಹೋದ ಮೇಲೆ ಬಾಯಿಯ ಮಣ್ಣು ಕುಸಿದು ಆರೇಳು ಇಂಚಿನ ರಂಧ್ರ ಮಗು ಜಾರುವಷ್ಟು ಅಗಲವಾಗುತ್ತದೆ. ಮೇಲೊಂದು ಹರಿದ ಚೀಲ, ಎರಡು ಕಲ್ಲು. 2010ರ ಫೆಬ್ರುವರಿಯಲ್ಲೇ ಸುಪ್ರೀಂ ಕೋರ್ಟ್ ಇದಕ್ಕೆ ಸ್ಪಷ್ಟ ಸೂಚನೆಗಳನ್ನು ಕೊಟ್ಟಿದೆ: ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು, ರಿಗ್ ಸಂಸ್ಥೆ ನೋಂದಣಿಯಾಗಿರಬೇಕು, ಕೆಲಸ ನಡೆಯುವಾಗ ಬೇಲಿ ಮತ್ತು ಫಲಕ ಇರಬೇಕು, ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ ಕಟ್ಟಿ ಬಾಯಿಗೆ ಉಕ್ಕಿನ ಮುಚ್ಚಳ ಹಾಕಬೇಕು, ಕೈಬಿಟ್ಟದ್ದನ್ನು ತಳದಿಂದ ಮೇಲಿನವರೆಗೆ ತುಂಬಬೇಕು. ಅದಾದ ಮೇಲೂ 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಮಕ್ಕಳು ಸತ್ತರು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಎರಡು ವರ್ಷದ ಮಗುವನ್ನು ಸುಮಾರು ಇಪ್ಪತ್ತು ಗಂಟೆಗಳ ಹೋರಾಟದಲ್ಲಿ ಜೀವಂತ ತೆಗೆದದ್ದನ್ನು ಇಡೀ ರಾಜ್ಯ ಟಿ.ವಿ. ಮುಂದೆ ಕುಳಿತು ನೋಡಿತು. ಅದೇ ವರ್ಷದ ಕೊನೆಯಲ್ಲಿ ವಿಧಾನಮಂಡಲವು 2011ರ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದು, ಬಾಯಿ ಮುಚ್ಚದವರಿಗೆ ಜೈಲು ಮತ್ತು ದಂಡದ ಶಿಕ್ಷೆ ಇಟ್ಟಿತು. ನನ್ನ ಮಟ್ಟಿಗೆ ಹೇಳುವುದಾದರೆ, ಸಾಲದಲ್ಲಿರುವ ರೈತನನ್ನು ಹೆದರಿಸುವುದಕ್ಕಿಂತ ರಿಗ್ ಮಾಲೀಕನ ಬಿಲ್ಲಿನಲ್ಲೇ ಮುಚ್ಚಳದ ದರ ಸೇರಿಸುವುದು ಸುಲಭ. ಲಾರಿ ಹೊಲ ಬಿಟ್ಟು ಹೊರಡುವ ಮುನ್ನ ಬಾಯಿಗೆ ಮುಚ್ಚಳ ಬಿದ್ದಿರಬೇಕು, ನೀರು ಬಿದ್ದಿರಲಿ ಬೀಳದಿರಲಿ.

ಐದು ವರ್ಷದೊಳಗಿನ ಮಕ್ಕಳಿಗೆ ಹಗ್ಗ, ಈಜು ಯಾವುದೂ ಉಪಯೋಗಕ್ಕೆ ಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ ಮುಳುಗಿ ಸತ್ತ ಸುಮಾರು ಮೂರು ಲಕ್ಷ ಜನರಲ್ಲಿ ನಾಲ್ಕರಲ್ಲೊಂದು ಪಾಲು ಈ ವಯಸ್ಸಿನವರು. ಮನೆಯ ನೀರಿನ ತೊಟ್ಟಿ, ಸಂಪು, ಬಕೆಟ್ ಕೂಡ ಅವರಿಗೆ ಸಾಕು. ತಲೆ ಭಾರವಾದ ಪುಟ್ಟ ಮಗು ಬಕೆಟಿಗೆ ಬಗ್ಗಿದರೆ ಮತ್ತೆ ಮೇಲೇಳಲಾರದು, ಕೂಗಲಾರದು. ಹಳ್ಳಿಹಳ್ಳಿಗೂ ಕೊಳಗಳಿರುವ ಬಾಂಗ್ಲಾದೇಶದಲ್ಲಿ ಇಂಥ ಸಾವುಗಳು ಹೆಚ್ಚಾಗಿ ಆಗುತ್ತಿದ್ದದ್ದು ತಾಯಂದಿರು ಕೆಲಸದಲ್ಲಿರುವ ಬೆಳಗಿನ ಒಂಬತ್ತರಿಂದ ಮಧ್ಯಾಹ್ನ ಒಂದರ ನಡುವೆ. ಅಲ್ಲಿ ಊರಿನ ಹೆಂಗಸರೇ ನಡೆಸುವ 'ಆಂಚಲ್' ಎಂಬ ಶಿಶುಕೇಂದ್ರಗಳನ್ನು ಅದೇ ಹೊತ್ತಿಗೆ ತೆರೆದು ಮಕ್ಕಳನ್ನು ಒಂದೆಡೆ ಕೂರಿಸಿದಾಗ, ಅಲ್ಲಿಗೆ ಬರುವ ಮಕ್ಕಳಲ್ಲಿ ಮುಳುಗುವ ಸಾವು ಶೇ 80ರ ಆಸುಪಾಸಿನಲ್ಲಿ ಇಳಿದದ್ದು ಅಧ್ಯಯನಗಳಲ್ಲಿ ದಾಖಲಾಗಿದೆ. ನಮ್ಮಲ್ಲಿ ಅಂಗನವಾಡಿಯಿದೆ, ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಯೋಜನೆಯೂ ಬಂದಿದೆ. ಇವನ್ನು ನಾವು ಮೊಟ್ಟೆ, ಹಾಲು, ಪೌಷ್ಟಿಕತೆಯ ಲೆಕ್ಕದಲ್ಲೇ ಅಳೆಯುತ್ತೇವೆ. ಮೆಕ್ಕೆಜೋಳ ಮುರಿಯುವ, ಅಡಿಕೆ ಕೊಯ್ಯುವ ದಿನಗಳಲ್ಲಿ ಇವು ಬೆಳಿಗ್ಗೆ ಬೇಗ ತೆರೆದು ಸಂಜೆ ತಡವಾಗಿ ಮುಚ್ಚಿದರೆ ಎಷ್ಟು ಮಕ್ಕಳು ಉಳಿದಾರೆಂದು ಕೇಳಿದವರಿಲ್ಲ.

ಒಂದೇ ಊರಿನ ಮೂರು ನಾಲ್ಕು ಮಕ್ಕಳು ಒಟ್ಟಿಗೆ ಸಾಯುವುದು ಹೇಗೆಂಬುದನ್ನೂ ಇಲ್ಲಿ ಹೇಳಬೇಕು. ಮೊದಲು ಒಬ್ಬ ಜಾರುತ್ತಾನೆ, ಅವನನ್ನು ಹಿಡಿಯಲು ಇನ್ನೊಬ್ಬ ಇಳಿಯುತ್ತಾನೆ, ಮುಳುಗುವವನು ಬಂದವನ ಕೊರಳನ್ನೇ ಅಪ್ಪಿಕೊಳ್ಳುತ್ತಾನೆ. ಬಟ್ಟೆ ಒಗೆಯಲು ಹೋದ ಅಕ್ಕ ತಂಗಿಯರೂ ಹೀಗೆಯೇ ಹೋಗುತ್ತಾರೆ, ಪಕ್ಕದಲ್ಲೇ ಒಗೆಯಲು ತಂದ ಸೀರೆಗಳ ರಾಶಿ ಬಿದ್ದಿದ್ದರೂ. ಎರಡು ಸೀರೆ ಗಂಟು ಹಾಕಿ ಎಸೆದರೆ ಇಪ್ಪತ್ತೆರಡು ಮೊಳಕ್ಕೂ ಮಿಕ್ಕ ಹಗ್ಗವಾಗುತ್ತದೆ. ನೀರಿಗೆ ಇಳಿಯಬೇಡ, ಏನಾದರೂ ಎಸೆ ಎಂಬ ಈ ಒಂದು ಪಾಠ ಆರನೇ ತರಗತಿಯ ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಮೈದಾನದಲ್ಲೇ ಕಲಿಸಬಹುದಾದದ್ದು. ಮೇಲೆತ್ತಿದ ಮಗುವನ್ನು ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತುವುದು, ಉಪ್ಪಿನ ರಾಶಿಯಲ್ಲಿ ಹೂಳುವುದು ಇವೆಲ್ಲ ಉಸಿರು ಕೊಡಬೇಕಾದ ನಿಮಿಷಗಳನ್ನು ತಿಂದುಹಾಕುತ್ತವೆ. ಉಸಿರಾಟ ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆ ಒತ್ತುತ್ತಾ, 108ಕ್ಕೆ ಕರೆ ಮಾಡಿಸುವುದೇ ಮಾಡಬೇಕಾದದ್ದು. 2022ರಲ್ಲಿ ದೇಶದಲ್ಲಿ ಮುಳುಗಿ ಸತ್ತವರ ಸಂಖ್ಯೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 38,000ಕ್ಕೂ ಹೆಚ್ಚು. 2023ರ ಕೊನೆಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮುಳುಗುವಿಕೆ ತಡೆಗೆಂದೇ ಒಂದು ಕಾರ್ಯಚೌಕಟ್ಟನ್ನು ಹೊರತಂದಿದೆ. ಅದು ತಾಲ್ಲೂಕು ಮಟ್ಟದ ಸಭೆಯ ಟಿಪ್ಪಣಿಯಾಗಿ ಇಳಿದುಬರಬೇಕಾಗಿದೆ.

ಹದಿಹರೆಯಕ್ಕೆ ಬಂದರೆ ಅಪಾಯ ನೀರಿನಿಂದ ರಸ್ತೆಗೆ ಸರಿಯುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 9,000ಕ್ಕೂ ಹೆಚ್ಚು ಮಂದಿ ಹದಿನೆಂಟರ ಒಳಗಿನವರು. ದಾವಣಗೆರೆ ಕಾಲೇಜುಗಳ ಊರು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಯಾವುದೇ ಪಿಯು ಕಾಲೇಜಿನ ರಸ್ತೆಯಲ್ಲಿ ನಿಂತರೆ ಒಂದೇ ಸ್ಕೂಟರಿನಲ್ಲಿ ಮೂವರು, ಹೆಲ್ಮೆಟ್ ಕನ್ನಡಿಗೆ ನೇತುಹಾಕಿದ್ದು, ನಡುವಿನವನ ಕೈಯಲ್ಲಿ ಮೊಬೈಲ್. ಕಾನೂನು ಸಡಿಲವಾಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಮಿನಂತೆ, ಅಪ್ರಾಪ್ತರಿಗೆ ಗಾಡಿ ಕೊಟ್ಟ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಹದಿನಾರಕ್ಕೆ 50 ಸಿಸಿ ಒಳಗಿನ ಗಾಡಿ ಓಡಿಸಬಹುದೆಂದು ಕಾಯ್ದೆ ಹೇಳುತ್ತದೆ, ಅಂಥ ಗಾಡಿ ಅಂಗಡಿಯಲ್ಲಿ ಸಿಗುವುದೇ ಅಪರೂಪ. ಗಂಟೆಗೆ 25 ಕಿ.ಮೀ. ಮೀರದ, 250 ವಾಟ್ ಒಳಗಿನ ಎಲೆಕ್ಟ್ರಿಕ್ ಸ್ಕೂಟರಿಗೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಹಾಗಾಗಿ ಹೈಸ್ಕೂಲ್ ಮಕ್ಕಳ ಕೈಗೆ ಬರುತ್ತಿರುವುದು ಅದು.

ಪೋಷಕರನ್ನು ಬೈಯುವುದು ಸುಲಭ. ಅವರು ಗಾಡಿ ಕೊಡುವುದು ಏಕೆಂದು ಕೇಳಿದರೆ ಉತ್ತರ ಬಸ್ಸಿನಲ್ಲಿದೆ. ಬೆಳಿಗ್ಗೆ ಆರೂವರೆಗೆ ಟ್ಯೂಷನ್, ಸಂಜೆ ಏಳಕ್ಕೆ ಇನ್ನೊಂದು. ಹಳ್ಳಿಯ ಬಸ್ಸು ಆ ಎರಡೂ ಹೊತ್ತಿಗೆ ಇಲ್ಲ. ಟ್ಯೂಷನ್ ಮುಗಿಯುವ ವೇಳೆಗೂ ಕೊನೆಯ ಬಸ್ಸಿನ ವೇಳೆಗೂ ತಾಳೆ ನೋಡುವುದು ಪೊಲೀಸರ ವಿಶೇಷ ತಪಾಸಣೆಯಷ್ಟೇ ಮುಖ್ಯವಾದ ಸುರಕ್ಷತಾ ಕ್ರಮ. ಹೆಲ್ಮೆಟ್ ವಿಷಯದಲ್ಲಿ ಚರ್ಚೆಗೆ ಜಾಗವೇ ಇಲ್ಲ: ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆಯಂತೆ ಅದು ತಲೆಯ ಗಾಯದ ಸಂಭವವನ್ನು ಶೇ 69ರಷ್ಟು, ಸಾವನ್ನು ಶೇ 42ರಷ್ಟು ತಗ್ಗಿಸುತ್ತದೆ. ನಾಲ್ಕು ವರ್ಷ ದಾಟಿದ ಪ್ರತಿ ಸವಾರನಿಗೂ ಅದು ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳನ್ನು ಕೂರಿಸುವಾಗ ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಮತ್ತು ಮಗುವಿನ ಅಳತೆಯ ಹೆಲ್ಮೆಟ್ ಇರಬೇಕು, ವೇಗ 40 ಕಿ.ಮೀ. ಮೀರಬಾರದು ಎಂಬ ಕೇಂದ್ರದ ನಿಯಮ 2023ರಿಂದ ಜಾರಿಯಲ್ಲಿದೆ. ಪೆಟ್ರೋಲ್ ಟ್ಯಾಂಕಿನ ಮೇಲೆ ಕೂಸನ್ನು ಕೂರಿಸಿಕೊಂಡು ಹೋಗುವ ನಮ್ಮೂರುಗಳಲ್ಲಿ ಆ ಪಟ್ಟಿಯನ್ನು ನಾನಿನ್ನೂ ಕಣ್ಣಾರೆ ಕಂಡಿಲ್ಲ.

ಈ ಸೀಮೆಗೇ ವಿಶೇಷವಾದ ಒಂದು ರಸ್ತೆ ಅಪಾಯವಿದೆ. ಮೆಕ್ಕೆಜೋಳ ಕಟಾವಾದ ಮೇಲೆ ಜಗಳೂರು, ದಾವಣಗೆರೆ ಸುತ್ತಿನ ರಸ್ತೆಗಳ ಅರ್ಧ ಭಾಗ ಕಣವಾಗುತ್ತದೆ. ಕಾಳು ಒಣಗಲು ಹರವಿ, ಗಾಡಿ ಹತ್ತದಿರಲೆಂದು ಅಂಚಿಗೆ ತಲೆಗಾತ್ರದ ಕಲ್ಲು ಸಾಲಾಗಿಡುತ್ತಾರೆ, ರಾತ್ರಿಗೆ ಮೇಲೊಂದು ಕಪ್ಪು ತಾಡಪಾಲು ಹೊದಿಸುತ್ತಾರೆ. ಕತ್ತಲಾದ ಮೇಲೆ ಟ್ಯೂಷನ್ ಮುಗಿಸಿ ಬರುವ ಹುಡುಗನ ಎದುರಿಗೆ ಲಾರಿಯ ಲೈಟು, ಎಡಕ್ಕೆ ಕಾಣದ ಕಲ್ಲು. ರೈತನಿಗೆ ಒಣಗಿಸುವ ಜಾಗ ಬೇರೆ ಇಲ್ಲದಿರುವುದೇ ಇದರ ಮೂಲ. ಹೋಬಳಿಗೊಂದು ಒಕ್ಕಣೆ ಕಣ ಕಟ್ಟಿಕೊಟ್ಟರೆ ಅದು ಕೃಷಿ ಕಾಮಗಾರಿಯೂ ಹೌದು, ಮಕ್ಕಳ ತಲೆ ಉಳಿಸುವ ಕೆಲಸವೂ ಹೌದು. ಅಲ್ಲಿಯತನಕ ಕಲ್ಲಿನ ಬದಲು ಮರಳು ತುಂಬಿದ ಚೀಲ ಮತ್ತು ಅದರ ಮೇಲೊಂದು ಹೊಳೆಯುವ ಸ್ಟಿಕ್ಕರ್ ಆದರೂ ಇರಲಿ. ಒಕ್ಕಣೆ ಯಂತ್ರದ ಬೆಲ್ಟಿಗೆ ಹುಡುಗಿಯರ ಜಡೆ, ವೇಲ್ ಸಿಕ್ಕಿಕೊಳ್ಳುವುದನ್ನು ತಡೆಯಲು 1983ರಷ್ಟು ಹಿಂದೆಯೇ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂದಿದೆ. ಬೆಲ್ಟಿನ ಜಾಲರಿಯನ್ನು ರಿಪೇರಿಗೆ ಅಡ್ಡ ಎಂದು ಕಳಚಿ ಎಸೆಯುವುದು ಇನ್ನೂ ನಿಂತಿಲ್ಲ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಮಗುವನ್ನು ಕೂರಿಸುವುದಂತೂ ಪ್ರೀತಿಯ ಗುರುತಾಗಿ ಉಳಿದಿದೆ.

ಬೆಂಕಿಯದು ಮನೆಯೊಳಗಿನ ಕತೆ, ನೆಲಮಟ್ಟದ್ದು. ಸಾರಿನ ಪಾತ್ರೆಯನ್ನು ಊಟಕ್ಕೆಂದು ನೆಲದ ಮೇಲಿಡುತ್ತೇವೆ, ಹಂಡೆಯ ಕುದಿನೀರನ್ನು ಬಕೆಟಿಗೆ ಮೊದಲು ಸುರಿದು ತಣ್ಣೀರಿಗೆ ಹೋಗುತ್ತೇವೆ. ಆ ಅರ್ಧ ನಿಮಿಷದಲ್ಲಿ ಮಗು ಬಕೆಟಿಗೆ ಕೈಯಿಡುತ್ತದೆ. ತಣ್ಣೀರು ಮೊದಲು, ಬಿಸಿನೀರು ಆಮೇಲೆ ಎಂಬಷ್ಟು ಕ್ರಮ ಬದಲಿಸಿದರೆ ಸಾಕು, ಖರ್ಚೇ ಇಲ್ಲ. ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಸುಗ್ಗಿಯಲ್ಲಿ ಬೇಯಿಸುವ ಹಂಡೆ, ಚೊಗರಿನ (ಅಡಿಕೆ ಬೆಂದ ಕಷಾಯದ) ತೊಟ್ಟಿಗಳ ಸುತ್ತ ಮಕ್ಕಳು ಆಡಿಕೊಂಡಿರುತ್ತಾರೆ. ನನ್ನ ಬಲಗಾಲಿನ ಮೀನಖಂಡದ ಮೇಲಿರುವ ಅಂಗೈಯಗಲದ ಕಲೆ ಅಂಥದ್ದೇ ಒಂದು ಸುಗ್ಗಿಯದು. ಆಗ ಹಚ್ಚಿದ್ದು ಬರೆಯುವ ಇಂಕು; ಈಗಿನವರು ಟೂತ್‌ಪೇಸ್ಟ್ ಹಚ್ಚುತ್ತಾರೆ. ಸುಟ್ಟ ಜಾಗವನ್ನು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯುವುದು, ಶುಭ್ರ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯುವುದು, ಇಷ್ಟೇ. ಮಂಜುಗಡ್ಡೆಯೂ ಬೇಡ, ಎಣ್ಣೆಯೂ ಬೇಡ.

ವಿಷದ ವಿಷಯ ಹೆಚ್ಚು ನಾಜೂಕಾದದ್ದು, ಏಕೆಂದರೆ ಅಲ್ಲಿ ಎರಡು ವಯಸ್ಸಿನ ಎರಡು ಬೇರೆ ದುರಂತಗಳು ಒಂದೇ ಕಪಾಟಿನಲ್ಲಿ ಕುಳಿತಿವೆ. ತಂಪು ಪಾನೀಯದ ಬಾಟಲಿಗೆ ಬಗ್ಗಿಸಿಟ್ಟ ಕಳೆನಾಶಕವನ್ನು ಮೂರು ವರ್ಷದ ಮಗು ಜ್ಯೂಸ್ ಎಂದು ಕುಡಿಯುತ್ತದೆ. ಅದೇ ಬಾಟಲಿ, ಫಲಿತಾಂಶದ ದಿನವೋ ಮನೆಯಲ್ಲಿ ಜಗಳವಾದ ರಾತ್ರಿಯೋ, ಹದಿನಾರರ ಮಗುವಿನ ಕೈಗೂ ಎಟಕುವಂತಿರುತ್ತದೆ. ಆ ವಯಸ್ಸಿನ ಸಂಕಟದ ತೀವ್ರ ಗಳಿಗೆ ಬಹಳ ಸಲ ಬೇಗ ಹಾದುಹೋಗುವಂಥದ್ದು. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಬದುಕು ನಿಂತಿರುತ್ತದೆ. ಶ್ರೀಲಂಕಾ 1995ರಿಂದ ಒಂದೊಂದಾಗಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸುತ್ತಾ ಬಂದ ಮೇಲೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ಕುಸಿಯಿತು. ನಿಷೇಧ ಸರ್ಕಾರದ ಕೆಲಸ. ಔಷಧಿಯನ್ನು ಅದರದೇ ಡಬ್ಬಿಯಲ್ಲಿ, ಮನೆಯ ಹೊರಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟು ಕೀಲಿಯನ್ನು ಹಿರಿಯರೊಬ್ಬರೇ ಇಟ್ಟುಕೊಳ್ಳುವುದು ಮನೆಯ ಕೆಲಸ. ಮನಸ್ಸು ಕುಸಿದ ಮಕ್ಕಳಿಗೂ ಅವರ ಪೋಷಕರಿಗೂ ಕನ್ನಡದಲ್ಲೇ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ದಿನವಿಡೀ ಉಚಿತವಾಗಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪುಟದ ಮೇಲೆಯೇ ಆ ಅಂಕಿ ಇರಬೇಕಿತ್ತು.

ಇದೆಲ್ಲ ಗೊತ್ತಿದ್ದೂ ಆಗದಿರುವುದಕ್ಕೆ ಒಂದು ಕಾರಣ ಲೆಕ್ಕದ ಕೊರತೆ. ಡೆಂಗಿ ಪ್ರಕರಣ ಬಂದರೆ ಯಾವ ವಾರ್ಡು, ಯಾವ ಬೀದಿ ಎಂಬುದು ಸಂಜೆಯೊಳಗೆ ಜಿಲ್ಲಾ ಕಚೇರಿಗೆ ಗೊತ್ತಾಗುತ್ತದೆ. ಕೈ ಮುರಿದುಕೊಂಡು ಬಂದ ಮಗುವಿನ ಚೀಟಿಯಲ್ಲಿ ಮೂಳೆಯ ಹೆಸರಿರುತ್ತದೆ, ಬಿದ್ದ ಜಾಗದ ಹೆಸರಿರುವುದಿಲ್ಲ. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ವಸ್ತುವಿನಿಂದ ಎಂಬ ಮೂರು ಕಾಲಮ್ಮುಗಳನ್ನು ತುರ್ತು ಚಿಕಿತ್ಸಾ ವಿಭಾಗದ ರಿಜಿಸ್ಟರಿಗೆ ಸೇರಿಸಿದರೆ ಒಂದೇ ವರ್ಷದಲ್ಲಿ ಯಾವ ನಾಲೆಯ ಯಾವ ಸೋಪಾನ, ಯಾವ ಶಾಲೆಯ ಎದುರಿನ ತಿರುವು ಎಂಬುದು ಹೊರಬೀಳುತ್ತದೆ. ಗಾಯ ತಡೆ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರವಾಗಿರುವ ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇದೆ, 2024ರಲ್ಲಿ ಕೇಂದ್ರ ಸರ್ಕಾರ ಅನುದ್ದೇಶಿತ ಗಾಯಗಳ ತಡೆಗೆ ರಾಷ್ಟ್ರೀಯ ಕಾರ್ಯತಂತ್ರವನ್ನೂ ಪ್ರಕಟಿಸಿದೆ. ವಿದ್ಯೆ ದೂರದಿಂದ ತರಬೇಕಾಗಿಲ್ಲ.

ಇನ್ನೊಂದು ದಾರಿ ಮಕ್ಕಳದೇ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಸಾಮಾನ್ಯವಾಗಿ ಶೌಚಾಲಯ, ಕಾಂಪೌಂಡು, ಆಟದ ಮೈದಾನದ ಬೇಡಿಕೆ ಬರುತ್ತದೆ. ಊರಿನ ಯಾವ ಹೊಂಡಕ್ಕೆ ಬೇಲಿಯಿಲ್ಲ, ಯಾವ ಬೋರಿಗೆ ಮುಚ್ಚಳವಿಲ್ಲ, ಯಾವ ಟ್ರಾನ್ಸ್‌ಫಾರ್ಮರ್ ಕೈಗೆಟಕುತ್ತದೆ ಎಂಬುದು ಪಿಡಿಒಗಿಂತ ಏಳನೇ ತರಗತಿಯ ಹುಡುಗರಿಗೆ ಚೆನ್ನಾಗಿ ಗೊತ್ತು, ಅಲ್ಲೆಲ್ಲ ಅವರು ಹೋಗಿಬಂದಿರುತ್ತಾರೆ. ಸಭೆಗೆ ಮುನ್ನ ಒಂದು ಶನಿವಾರ ಅವರ ಕೈಗೆ ಡ್ರಾಯಿಂಗ್ ಹಾಳೆ ಕೊಟ್ಟು ಊರಿನ ನಕಾಶೆ ಬರೆಸಿದರೆ ಪಂಚಾಯಿತಿಯ ಮುಂದಿನ ಕ್ರಿಯಾಯೋಜನೆಯ ಅರ್ಧ ಕೆಲಸ ಮುಗಿದಂತೆ.

ಭಾವನವರ ಹೊಂಡಕ್ಕೆ ಈ ಯುಗಾದಿಗೆ ಮತ್ತೆ ಹೋಗಿದ್ದೆ. ಹಳೆಯ ಸ್ಪ್ರೇಯರ್ ಪೈಪನ್ನೇ ಮಡಚಿ, ಮೊಳಕ್ಕೊಂದು ಗಂಟು ಹಾಕಿ, ಎರಡು ಪಕ್ಕದಲ್ಲಿ ಇಳಿಬಿಟ್ಟಿದ್ದಾರೆ. ಇನ್ನೆರಡು ಪಕ್ಕ ಏಕಿಲ್ಲ ಎಂದೆ. ಪೈಪ್ ಸಾಲಲಿಲ್ಲ, ಅಡಿಕೆ ಫಸಲು ಗುತ್ತಿಗೆಗೆ ಕೊಟ್ಟ ಕೇಣಿ ದುಡ್ಡು ಬಂದ ಮೇಲೆ ಹಾಕುವುದಾಗಿ ಹೇಳಿದರು. ಬೇಲಿಯ ತಂತಿ ಬಂದಿದೆ, ಸುರುಳಿಯಾಗಿ ಮೋಟರ್ ಮನೆಯ ಗೋಡೆಗೆ ಒರಗಿದೆ. ಅವರ ಮೊಮ್ಮಗ ಅದರೊಳಗೆ ತೂರಿ ಆಡುತ್ತಿದ್ದ.